ತೆರೆದಿಟ್ಟ ಚಾಕು

ಮಾರ್ಚ್ 9, 1987

ಮೋಡ. ಟ್ರಕ್ಕಿಗೆ ಪೆಟ್ರೋಲು ಹಾಕಿಸಿದೆ. ಆರ್ಡಿತ್‌ಳನ್ನು ಮಣ್ಣು ಮಾಡಿ ಬಂದೆವು.

ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದಿಂದಲೂ ಈ ಪುಸ್ತಕದಲ್ಲಿ ಹವೆ, ಪೆಟ್ರೋಲು, ರಸ್ತೆ ಇಷ್ಟನ್ನೇ ಬರೆದವನು ನಾನು. ಹೆಂಡತಿಯನ್ನು ಹೂಳಿದ ದಿನ ಏನು ಬರೆಯಬೇಕೋ ಗೊತ್ತಾಗುವುದಿಲ್ಲ. ಮೇಲಿನ ಸಾಲು ಓದಿದರೆ ನನಗೇ ನಾಚಿಕೆ. ಇರಲಿ, ಓದುವವರು ಯಾರಿದ್ದಾರೆ.

ಚರ್ಚಿನ ಹೆಂಗಸರು ತಂದಿಟ್ಟ ಅಡುಗೆ ಫ್ರಿಜ್ಜಿನಲ್ಲಿ ಹಿಡಿಸುತ್ತಿಲ್ಲ. ಬೀನ್ಸ್ ಕಾಳು ಬೇಯಿಸಿದ್ದೇ ಮೂರು ನಾಲ್ಕು ಮನೆಯವರು. ನಾದಿನಿ ವೆಲ್ಡಾ ಯಾವ ಪಾತ್ರೆ ಯಾರದೆಂದು ಹೇಳಿ, ತೊಳೆದು ಹಿಂದಿರುಗಿಸಬೇಕೆಂದು ಎರಡೆರಡು ಸಲ ತಾಕೀತು ಮಾಡಿ ಹೋದಳು. ಹೋಗುವ ಮುಂಚೆ ಅಡುಗೆಮನೆಯ ಮೇಜು ಒರೆಸಲು ಬಂದು, ಅಲ್ಲಿದ್ದ ಚಾಕಿಗೆ ಕೈ ಹಾಕಿದಳು. ನಾನು ಕೂಗಿಬಿಟ್ಟೆ. ಇಷ್ಟು ವರ್ಷದಲ್ಲಿ ಅವಳ ಮೇಲೆ ದನಿ ಎತ್ತಿದವನಲ್ಲ. ಪಾಪ, ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದಳು.

ಮಾರ್ಚ್ 11

ಆ ಚಾಕಿನ ವಿಷಯ ಬರೆದಿಡುತ್ತೇನೆ. ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತಿರುತ್ತದೆ.

ಫೆಬ್ರವರಿಯಲ್ಲಿ ಯಾರದೋ ತೋಟದ ಮನೆಯ ಹರಾಜಿನಲ್ಲಿ ಆರ್ಡಿತ್ ಒಂದು ಡಬ್ಬಿ ತಂದಳು. ಮೊಳೆ, ಕೀಲು, ಮುರಿದ ಕತ್ತರಿ, ನಡುವೆ ಈ ಮಡಿಸುವ ಜೇಬುಚಾಕು. ತುಕ್ಕು ತಿಂದು ಮುದ್ದೆಯಾಗಿತ್ತು. ಒಂದು ಸಂಜೆಯೆಲ್ಲ ಕೂತು, ಉಗುರು ಮುರಿದುಕೊಂಡು, ಅಲಗನ್ನು ಹೊರಗೆಳೆದಳು. ಕೀಲಿಗೆ ಹೊಲಿಗೆಯಂತ್ರದ ಎಣ್ಣೆ ಬಿಟ್ಟು, ಹಳೇ ಪತ್ರಿಕೆಯ ಮೇಲೆ ತೆರೆದೇ ಇಟ್ಟಳು. ರಾತ್ರಿ ಎಣ್ಣೆ ಕುಡಿಯಲಿ, ನಾಳೆ ಮುಚ್ಚಿ ದನಿ ಕೇಳುತ್ತೇನೆ ಎಂದಳು. ಬೆಳಿಗ್ಗೆ ಕಾಫಿ ಕುದಿಯುತ್ತಿದ್ದಾಗ ಸಿಂಕಿಗೆ ಒರಗಿದವಳು ಹಾಗೇ ಕೆಳಗೆ ಜಾರಿದಳು.

ಆಸ್ಪತ್ರೆಯಲ್ಲಿ ಬಾಯಿ ಒಂದು ಕಡೆಗೆ ಎಳೆದಿತ್ತು. ಆದರೂ ಅವಳು ಹೇಳಿದ್ದು ಪೂರ್ತಿ ಅರ್ಥವಾಯಿತು.

"ಡೆಲ್ಮರ್, ಮೇಜಿನ ಮೇಲಿರೋ ಚಾಕು ಮುಚ್ಚಬೇಡ. ತೆರೆದೋಳು ನಾನು. ನಾನೇ ಬಂದು ಮುಚ್ತೀನಿ."

"ಆಯ್ತು ಕಣೇ, ಮೊದ್ಲು ನೀನು ಬಾ," ಎಂದೆ.

ಈ ಬೆಟ್ಟಗಳ ಜನರ ನಂಬಿಕೆ ಅದು. ಚಾಕು ತೆರೆದವರೇ ಮುಚ್ಚಬೇಕು. ಯಾರಾದರೂ ತೆರೆದ ಚಾಕು ಕೈಗೆ ಕೊಟ್ಟರೆ ತೆರೆದೇ ವಾಪಸು ಕೊಡಬೇಕು. ಬೇರೆಯವರು ಮುಚ್ಚಿದರೆ ಇಬ್ಬರ ನಡುವಿನ ನಂಟು ಕಡಿಯುತ್ತದಂತೆ. ನಾನು ಇದನ್ನು ಕೇಳಿ ನಗುತ್ತಿದ್ದವನು. ಈಗ ಕಡಿಯಲು ಉಳಿದಿರುವುದಾದರೂ ಏನು? ಆದರೂ ಮುಚ್ಚಲು ಕೈ ಬರುತ್ತಿಲ್ಲ. ಒಲೆಯ ಪಕ್ಕ ನಿಂತುಕೊಂಡೇ ಊಟ ಮಾಡುತ್ತಿದ್ದೇನೆ.

ಮಾರ್ಚ್ 15

ಗಾಳಿ ಜಾಸ್ತಿ. ಚರ್ಚಿಗೆ ಹೋಗಲಿಲ್ಲ.

ಬೀರುವಿನಲ್ಲಿ ಅವಳು ಚಾಕು ಜೋಡಿಸಿಟ್ಟ ಅಗಲ ತಟ್ಟೆಗಳನ್ನು ಎಳೆದು ನೋಡಿದೆ. ಬಟ್ಟೆಗಿಂತ ಚಾಕೇ ಜಾಸ್ತಿ ಇತ್ತು ಅವಳ ಹತ್ತಿರ. ಹಿಂದಿನ ಕಾಲದಲ್ಲಿ ಹಾರ್ಡ್‌ವೇರ್ ಅಂಗಡಿಯವರು ದೊಡ್ಡ ಕಾರ್ಖಾನೆಗಳಿಂದ ಚಾಕು ಮಾಡಿಸಿ, ಅಲಗಿನ ಬುಡಕ್ಕೆ ತಮ್ಮ ಅಂಗಡಿಯ ಹೆಸರು ಹೊಡೆಸುತ್ತಿದ್ದರು. ಅಂಗಡಿಗಳು ಮುಚ್ಚಿದವು, ಹೆಸರುಗಳು ಚಾಕಿನ ಮೇಲೆ ಉಳಿದವು. ಯಾವ ಅಂಗಡಿ, ಯಾವ ಕಾರ್ಖಾನೆ, ಯಾವ ಕಾಲದ್ದು ಎಂದು ಗುರುತು ಹಿಡಿಯುವುದೇ ಅವಳ ಆಟ. ನನಗದು ತುಕ್ಕು ಕಬ್ಬಿಣ. ಹೆಂಗಸರು ಕೌದಿ ಹೊಲಿಯುತ್ತಾರೆ, ಪಿಂಗಾಣಿ ಕೂಡಿಡುತ್ತಾರೆ, ನನ್ನವಳಿಗೆ ಈ ಹುಚ್ಚು ಎಂದು ಎಲ್ಲರೆದುರಿಗೆ ಹಾಸ್ಯ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು.

ಅವಳಪ್ಪನಿಗೆ ಸ್ಯಾಂಡಿ ಲಿಕ್ ಎಂಬಲ್ಲಿ ಅಂಗಡಿಯಿತ್ತು. ಟಾಲ್ಬರ್ಟ್ ಹಾರ್ಡ್‌ವೇರ್. ಆತನೂ ತನ್ನ ಹೆಸರಿನ ಚಾಕು ಮಾಡಿಸಿದ್ದ. ಮೂವತ್ತೇಳರ ನೆರೆಯಲ್ಲಿ ಅಂಗಡಿ ಹೋಯಿತು, ಅದೇ ವರ್ಷ ಆತನೂ ಹೋದ. ಆ ಚಾಕು ಒಂದೂ ಮನೆಯಲ್ಲಿ ಉಳಿಯಲಿಲ್ಲ. ಆರ್ಡಿತ್ ಮದುವೆಯಾದಾಗಿನಿಂದ ಹುಡುಕಿದ್ದು ಅದೊಂದನ್ನೇ. ಉಳಿದವೆಲ್ಲ ಹುಡುಕುವಾಗ ಕೈಗೆ ಸಿಕ್ಕವು. ಮೇಜಿನ ಮೇಲಿರುವುದು ಅಪ್ಪನದೇ ಇರಬಹುದು ಎಂದು ಅವಳಿಗೆ ಆಸೆ. ಅಥವಾ, ಇತ್ತು. "ಇತ್ತು" ಎಂದು ಬರೆಯುವುದು ನನಗೆ ಇನ್ನೂ ರೂಢಿಯಾಗಿಲ್ಲ.

ಮಾರ್ಚ್ 24

ಮಳೆ. ಏನೂ ಇಲ್ಲ.

ಏಪ್ರಿಲ್ 2

ವೆಲ್ಡಾ ಬಂದಿದ್ದಳು. ಪಾತ್ರೆಗಳನ್ನು ಇನ್ನೂ ಹಿಂದಿರುಗಿಸಿಲ್ಲವೆಂದು ಬೈದು, ತಾನೇ ಕಾರಿಗೆ ತುಂಬಿಕೊಂಡಳು. ಚಾಕುಗಳನ್ನೆಲ್ಲ ಬರ್ಲ್ ಕ್ಯಾಂಟ್ರೆಲ್‌ಗೆ ಮಾರಿಬಿಡಿ ಎಂದಳು. ಬರ್ಲ್ ಹಳೇ ಚಾಕು ಕೊಳ್ಳುವ, ಮಾರುವ ಮನುಷ್ಯ. ನ್ಯಾಯಾಲಯದ ಮುಂದಿನ ಬೆಂಚಿನಲ್ಲಿ ಕೂತು ಕಡ್ಡಿ ಕೆತ್ತುತ್ತ ದಿನ ಕಳೆಯುತ್ತಾನೆ. ಅವನಿಗೂ ಆರ್ಡಿತ್‌ಗೂ ಬಹಳ ವರ್ಷದ ಸ್ನೇಹ; ಮದುವೆಯಾದವಳಾದರೂ ಇಲ್ಲಿನ ರೂಢಿಯಂತೆ ಗೌರವಕ್ಕೆ ಮಿಸ್ ಆರ್ಡಿತ್ ಎಂದೇ ಕರೆಯುತ್ತಿದ್ದ.

"ಭಾವ, ಈ ಕಬ್ಬಿಣ ನೋಡ್ತಾ ಕೂತ್ರೆ ನೀವೂ ತುಕ್ಕು ಹಿಡೀತೀರಿ," ಎಂದಳು.

ಸರಿ ಎಂದೆ. ಮೇಜಿನ ಮೇಲಿನದೊಂದು ಬಿಟ್ಟು ಉಳಿದದ್ದನ್ನು ಮಾರುತ್ತೇನೆ. ಮನೆ ತುಂಬ ಅವಳ ಬೆರಳು ಮುಟ್ಟಿದ ವಸ್ತುಗಳೇ. ಒಂದಿಷ್ಟಾದರೂ ಕಣ್ಣ ಮುಂದಿನಿಂದ ತೊಲಗಲಿ.

ಏಪ್ರಿಲ್ 7

ಬಿಸಿಲು. ಇವತ್ತು ಕೆಲಸ ಮಾಡಿದೆ.

ಕೊಳಕು ಸಾಮಾನು ಮಾರಲು ಇಡುವವನಲ್ಲ ನಾನು. ನನ್ನ ಬಸ್ಸಿನ ಬಂಪರಿನಲ್ಲಿ ಮುಖ ನೋಡಿಕೊಂಡು ಮಕ್ಕಳು ತಲೆ ಬಾಚಿಕೊಳ್ಳುತ್ತಿದ್ದರು. ಒಂದು ತಟ್ಟೆ ಚಾಕು ತೆಗೆದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಪಾತ್ರೆ ಉಜ್ಜುವ ಸ್ಟೀಲ್ ನಾರು, ಸೀಮೆಎಣ್ಣೆ. ಕಪ್ಪೆಲ್ಲ ಬಿಟ್ಟು ಫಳಫಳ ಹೊಳೆದವು. ಮನಸ್ಸಿಗೂ ಹಿತವೆನಿಸಿತು. ಅವಳು ಸತ್ತ ಮೇಲೆ ಮೊದಲ ಸಲ ಕೈಗೆ ಕೆಲಸ ಸಿಕ್ಕಿತ್ತು.

ಅದೇ ಹುಮ್ಮಸ್ಸಿನಲ್ಲಿ ಒಳಗೆ ಬಂದು, ಅವಳ ಭೂತಗನ್ನಡಿ ಹಿಡಿದು ತೆರೆದಿಟ್ಟ ಚಾಕನ್ನು ನೋಡಿದೆ. ಅಲಗಿನ ಬುಡದಲ್ಲಿ ಕಪ್ಪು ಹಕ್ಕಳೆಯ ಕೆಳಗೆ ಏನೋ ಇತ್ತು. ಒಂದು ಎಳೆ ನಾರು ತೆಗೆದುಕೊಂಡು ಮೆಲ್ಲಗೆ ಉಜ್ಜಿದೆ. ಒಂದು ಅಕ್ಷರ ಎದ್ದಿತು. ಟಾಲ್ಬರ್ಟಿನ ಮೊದಲಕ್ಷರವೇ. ದೇವರಾಣೆ ನೋಡಿದೆ. ಉಳಿದದ್ದೂ ಕಾಣಲಿ ಎಂದು ಇನ್ನೊಂದು ನಾಲ್ಕು ಸಲ ಉಜ್ಜಿದೆ.

ಒರೆಸಿ ನೋಡಿದರೆ ಏನೂ ಇಲ್ಲ. ಅಲಗಿನ ಬುಡ ಕನ್ನಡಿಯಾಗಿತ್ತು. ಅದರಲ್ಲಿ ನನ್ನ ಮೂತಿ ಕಾಣುತ್ತಿತ್ತು.

ಏಪ್ರಿಲ್ 8

ಬರೆಯಲಾರೆ.

ಏಪ್ರಿಲ್ 11

ಬರ್ಲ್ ಬಂದಿದ್ದ. ನಾನು ಉಜ್ಜಿದ ತಟ್ಟೆಯನ್ನೇ ಮೊದಲು ಮುಂದಿಟ್ಟೆ, ಹೇಗಿದ್ದರೂ ತಿಳಿಯುವುದೇ ತಾನೆ ಎಂದು. ಅವನು ಒಂದನ್ನೆತ್ತಿದ, ಇಟ್ಟ. ಇನ್ನೊಂದನ್ನೆತ್ತಿದ, ಇಟ್ಟ. ಬೈದಿದ್ದರೆ ವಾಸಿಯಿತ್ತು.

"ಚಾಕಿನ ಮುಖ ತೊಳೀಬಾರ್ದು ಡೆಲ್ಮರ್," ಎಂದ ಕೊನೆಗೆ. "ಆ ಕಪ್ಪೇ ಅದರ ವಯಸ್ಸು. ಹೆಸರು ಕೂತಿರೋದೂ ಆ ಕಪ್ಪಲ್ಲೇ. ಮಿಸ್ ಆರ್ಡಿತ್ ನಿನಗೆ ಹೇಳಿರ್ಲಿಲ್ವಾ?"

ಹೇಳಿರಬೇಕು. ಅವಳು ಹೇಳುವಾಗ ನಾನು ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದೆ.

ಮೇಜಿನ ಮೇಲಿನದನ್ನು ತೋರಿಸಿ ನಡೆದದ್ದೆಲ್ಲ ಹೇಳಿದೆ. ಬಗ್ಗಿ ನೋಡಿದ. ಎಲುಬಿನ ಹಿಡಿ, ಅದರ ಮೇಲಿನ ತಗಡು, ಬೆನ್ನಿನ ಸ್ಪ್ರಿಂಗು ಎಲ್ಲ ಆ ಕಾಲದ್ದೇ, ಈ ಕಡೆಯ ಎಷ್ಟೋ ಅಂಗಡಿಗಳಿಗೆ ಮಾಡಿಕೊಟ್ಟ ಕಾರ್ಖಾನೆಯದೇ ಎಂದ. ಆದರೆ ಹೆಸರಿಲ್ಲದ ಮೇಲೆ ಅದು ಯಾರ ಅಂಗಡಿಯದಾದರೂ ಆಗಬಹುದು. ನಾನು ಕಂಡ ಒಂದು ಅಕ್ಷರಕ್ಕೆ ಸಾಕ್ಷಿ ನಾನೊಬ್ಬನೇ. ನನಗೇ ಈಗ ಅನುಮಾನ.

ಇನ್ನುಳಿದದ್ದು ದನಿ ಎಂದು ಬರ್ಲ್ ಹೇಳಿದ. ಆರ್ಡಿತ್ ಬೆಂಚಿನ ಹತ್ತಿರ ಬಂದರೆ ಯಾರ ಚಾಕನ್ನಾದರೂ ಇಸಕೊಂಡು, ತಾನೇ ತೆರೆದು, ಕಿವಿಯ ಹತ್ತಿರ ಹಿಡಿದು ಮುಚ್ಚುತ್ತಿದ್ದಳಂತೆ. ಅಪ್ಪನ ಚಾಕು ಮುಚ್ಚುವಾಗ ಎರಡು ಸಲ ಮಾತಾಡುತ್ತದೆ ಎನ್ನುತ್ತಿದ್ದಳಂತೆ. ಅಲಗು ಅರ್ಧದಲ್ಲಿ ನಿಂತು ಒಂದು ಸಲ ಸಣ್ಣಗೆ, ಪೂರ್ತಿ ಕೂತಾಗ ಇನ್ನೊಂದು ಸಲ ದಪ್ಪಗೆ. ಹಾಗೆ ಮಾತಾಡುವ ಚಾಕು ಬೇರೆಯೂ ಇವೆ. ಆದರೆ ಅಪ್ಪನದನ್ನು ನೂರರಲ್ಲಿಟ್ಟರೂ ಗುರುತು ಹಿಡಿಯುತ್ತೇನೆ, ಅಂಗಡಿಯ ಕಟ್ಟೆಯ ಮೇಲೆ ಕೂತು ಅದನ್ನೇ ಕೇಳುತ್ತ ಬೆಳೆದವಳು ನಾನು ಎಂದು ಜಂಬ.

ಹೇಳುತ್ತ ಹೇಳುತ್ತ ಬರ್ಲ್ ಅಭ್ಯಾಸಬಲದಿಂದ ಚಾಕಿಗೆ ಕೈ ಚಾಚಿದ. ತಟ್ಟನೆ ನಿಲ್ಲಿಸಿದ.

"ತೆರೆದಿದ್ದು ಯಾರು?"

"ಅವಳೇ."

ಬಿಸಿ ಒಲೆ ಮುಟ್ಟಿದವನ ಹಾಗೆ ಕೈ ಹಿಂದೆಳೆದುಕೊಂಡ. ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ. ವ್ಯಾಪಾರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಏಪ್ರಿಲ್ 19, ಈಸ್ಟರ್

ವೆಲ್ಡಾ ಮನೆಯಲ್ಲಿ ಊಟ. ಹಂದಿಮಾಂಸ, ಸಿಹಿಗೆಣಸು. ಊಟ ಮುಗಿದ ಮೇಲೆ ಪಾತ್ರೆ ಒರೆಸಿಕೊಡುತ್ತ, ಅಪ್ಪನ ಅಂಗಡಿಯ ಚಾಕಿನ ದನಿ ನೆನಪಿದೆಯೇ ಎಂದು ಕೇಳಿದೆ. ನೆರೆ ಬಂದಾಗ ಆರ್ಡಿತ್ ದೊಡ್ಡವಳು, ಇವಳು ಇನ್ನೂ ಮಗು.

"ನಂಗೇನೂ ನೆನಪಿಲ್ಲ ಭಾವ. ಅಪ್ಪನ ಮುಖವೇ ನೆನಪಿಲ್ಲ. ಅಂಗಡೀಲಿ ಹಿಂಡಿ ಮೂಟೆ ಮೇಲೆ ಮಲಗಿಸ್ತಿದ್ರು, ಆ ವಾಸನೆ ಒಂದು ನೆನಪು. ಅಕ್ಕನಿಗೆ ಅಪ್ಪ ಸಿಕ್ರು, ನಂಗೆ ವಾಸನೆ ಸಿಕ್ತು."

ನಗಾಡುತ್ತಲೇ ಹೇಳಿದಳು. ಆಮೇಲೆ ನಲ್ಲಿ ಜೋರಾಗಿ ಬಿಟ್ಟುಕೊಂಡು ಸಿಂಕಿನ ಮೇಲೆ ಬಗ್ಗಿದಳು. ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ. ಯಾಕಾದರೂ ಕೇಳಿದೆನೋ.

ಏಪ್ರಿಲ್ 28

ಚಳಿ ಮತ್ತೆ ಬಂದಿದೆ. ತೋಟಕ್ಕೆ ಏನೂ ಹಾಕಿಲ್ಲ.

ಹೊತ್ತು ಹೋಗದೆ ನಿನ್ನ ತಟ್ಟೆ ತೆಗೆದುಕೊಂಡು ಕೂತೆ ಆರ್ಡಿತ್. ನಾರು ಮುಟ್ಟಲಿಲ್ಲ, ಹೆದರಬೇಡ. ಒಂದೊಂದನ್ನೇ ತೆರೆದು ಮುಚ್ಚಿದೆ, ಕಿವಿಯ ಹತ್ತಿರ ಹಿಡಿದು. ನಾನೇ ತೆರೆದದ್ದು ನಾನೇ ಮುಚ್ಚಿದ್ದು, ತಪ್ಪಿಲ್ಲವಲ್ಲ. ಕೆಲವು ಗೊಣಗುತ್ತವೆ. ಕೆಲವಕ್ಕೆ ಸ್ಪ್ರಿಂಗೇ ಸತ್ತಿದೆ. ಒಂದು ಮಾತ್ರ ನಮ್ಮ ಚರ್ಚಿನ ಪಿಯಾನೋದವಳು ಮುಚ್ಚಳ ಬಡಿದ ಹಾಗೆ ಬಡಿಯುತ್ತದೆ, ಬೆರಳು ಹೋಗುತ್ತಿತ್ತು.

ಇನ್ನೊಂದು. ಮೂರನೇ ತಟ್ಟೆಯಲ್ಲಿ ಹಸಿರು ಎಲುಬಿನ ಹಿಡಿಯದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀಯ. ಅಂಗಡಿಯ ಹೆಸರು ಬೇರೆಯಾದರೂ ಸ್ಪ್ರಿಂಗು ಕೂತಿರುವ ರೀತಿ, ಮೊಳೆ ಹೊಡೆದ ರೀತಿ ನೋಡಿದರೆ ಅದು ಎರಡನೇ ತಟ್ಟೆಯವರ ಕಾರ್ಖಾನೆಯದೇ. ತೆಗೆದು ಅಲ್ಲಿಟ್ಟೆ. ನೀನಿದ್ದಿದ್ದರೆ ಜಗಳವಾಡುತ್ತಿದ್ದೆ. ಆಡಿದರೆ ಆಡು, ನಾನು ಹೇಳಿದ್ದೇ ಸರಿ.

ಚಾಕಿದ್ದ ಪತ್ರಿಕೆಯನ್ನು ಸ್ವಲ್ಪ ಆಚೆ ಸರಿಸಿ ಮೇಜಿನ ಈ ತುದಿಯಲ್ಲಿ ಊಟ ಮಾಡಿದೆ.

ಮೇ 9

ಪೇಟೆಗೆ ಹೋಗಿದ್ದೆ, ಸ್ಪಾರ್ಕ್ ಪ್ಲಗ್ ತರಲು. ಹಾಗೇ ಬೆಂಚಿನ ಕಡೆ ಹೋದೆ. ಬರ್ಲ್ ಜಾಗ ಕೊಟ್ಟ. ಪಕ್ಕದ ಜಿಲ್ಲೆಯವನೊಬ್ಬ ಅದಲುಬದಲಿಗೆ ಚಾಕು ತಂದಿದ್ದ, ಮುಚ್ಚಿದ್ದನ್ನೇ ನನ್ನ ಕೈಗಿಟ್ಟ. ತೆರೆದು, ಕಿವಿಯ ಹತ್ತಿರ ಹಿಡಿದು ಮುಚ್ಚಿದೆ. ಸ್ಪ್ರಿಂಗು ಹೊಸದು, ಯಾರೋ ಬದಲಾಯಿಸಿದ್ದಾರೆ ಎಂದೆ. ಆ ಮನುಷ್ಯ ಕೆಂಪಾದ. ಬೆಂಚಿನವರೆಲ್ಲ ನಕ್ಕರು.

"ತಲೆ ವಾಲಿಸೋದು ಕೂಡ ಮಿಸ್ ಆರ್ಡಿತ್ ವಾಲಿಸೋ ಹಾಗೇ," ಎಂದ ಬರ್ಲ್.

ಟ್ರಕ್ಕಿನಲ್ಲಿ ಬಂದು ಕೂತ ಮೇಲೆ ಅಳು ಬಂತು. ಎಂಥ ಅಳು ಎಂದರೆ ಕರವಸ್ತ್ರ ನೆಂದುಹೋಗಿ ಮೂಗು ಒರೆಸಲು ರಸ್ತೆಯ ನಕ್ಷೆ ಬಿಟ್ಟರೆ ಬೇರೇನೂ ಇರಲಿಲ್ಲ. ನೀನು ಬದುಕಿದ್ದಾಗ ಒಂದು ದಿನವಾದರೂ ಆ ಬೆಂಚಿನಲ್ಲಿ ನಿನ್ನ ಪಕ್ಕ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಸ್ಪಾರ್ಕ್ ಪ್ಲಗ್ ಮರೆತೇ ಬಂದೆ.

ಮೇ 17

ನಿನ್ನ ಸಮಾಧಿಯ ಕಲ್ಲು ನಿಲ್ಲಿಸಿದ್ದಾರೆ. ಹೋಗಿ ನೋಡಿ ಬಂದೆ. ಬೂದು ಬಣ್ಣ, ಮೇಲೆ ದುಂಡಗೆ. ಹೆಸರನ್ನು ಆಳವಾಗಿ ಕೊರೆದಿದ್ದಾರೆ. ನಾನು ಎಷ್ಟು ಉಜ್ಜಿದರೂ ಇದು ಹೋಗುವುದಿಲ್ಲ. ಪಕ್ಕದಲ್ಲಿ ನನ್ನ ಹೆಸರೂ ಇದೆ, ಹುಟ್ಟಿದ ವರ್ಷ ಹಾಕಿ ಮುಂದೆ ಖಾಲಿ ಬಿಟ್ಟಿದ್ದಾರೆ.

ಬರುವ ಭಾನುವಾರ ವರ್ಷದ ವಾಡಿಕೆಯಂತೆ ಎಲ್ಲರೂ ಸಮಾಧಿಗಳಿಗೆ ಹೂವಿಡಲು ಹೋಗಿ ಅಲ್ಲೇ ಊಟ ಮಾಡುತ್ತಾರೆ. ವೆಲ್ಡಾ ಆಗಲೇ ಬುತ್ತಿಗೆ ಏನೇನು ಎಂದು ಫೋನು ಮಾಡಿದಳು. ನಾನು ಚಾಕಿನ ಕೀಲಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟೆ. ವಾರಕ್ಕೊಮ್ಮೆ ಬಿಡುತ್ತಲೇ ಇದ್ದೇನೆ. ನೀನು ಬಂದು ಮುಚ್ಚುತ್ತೇನೆ ಎಂದೆ. ನಿನಗೆ ಬರಲಾಗುವುದಿಲ್ಲ. ಅದು ನನಗೆ ಅರ್ಥವಾಗಲು ಇಷ್ಟು ದಿನ ಹಿಡಿಯಿತು.

ಮೇ 24, ಭಾನುವಾರ

ಒಳ್ಳೆ ಬಿಸಿಲು. ಗುಡ್ಡದ ಮೇಲೆ ಜನವೋ ಜನ. ಹುಲ್ಲು ಕೀಳುವವರು, ಹೂವಿಡುವವರು, ಮರದ ಕೆಳಗೆ ಉದ್ದದ ಮೇಜುಗಳಿಗೆ ಬಟ್ಟೆ ಹಾಸಿ ಅಡುಗೆ ಜೋಡಿಸುವವರು. ಪಾದ್ರಿಯ ಪ್ರಾರ್ಥನೆ ಎಂದಿನಂತೆ ಉದ್ದ. ಕೋಳಿ ಆರಿಹೋಯಿತು.

ಚಾಕನ್ನು ಚುಟ್ಟಾ ಪೆಟ್ಟಿಗೆಯಲ್ಲಿ ನಿನ್ನ ಅಡುಗೆಯ ಏಪ್ರನ್ ಹಾಸಿ ತಂದಿದ್ದೆ, ತೆರೆದೇ. ಎಲ್ಲರೂ ಊಟಕ್ಕೆ ಹೋಗಲಿ ಎಂದು ಕಾದೆ. ಪಿಯೋನಿ ಹೂವಿಟ್ಟೆ, ಹಿತ್ತಿಲಿನದೇ, ನೀನು ನೆಟ್ಟದ್ದು. ಆಮೇಲೆ ಕಲ್ಲಿನ ಮುಂದೆ ಮಂಡಿಯೂರಿದೆ. ಏಳುವುದು ಹೇಗೆ ಎಂಬುದು ಆಗ ಹೊಳೆಯಲಿಲ್ಲ.

ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಅಲಗಿನ ಬೆನ್ನನ್ನು ನಿನ್ನ ಹೆಸರಿನ ಕೆಳಗೆ ಕಲ್ಲಿಗೆ ತಾಗಿಸಿದೆ. ಅಲಗನ್ನು ನಾನು ಬೆರಳಿನಿಂದಲೂ ಮುಟ್ಟಲಿಲ್ಲ ಆರ್ಡಿತ್. ಹಿಡಿಯನ್ನು ಹಿಡಿದುಕೊಂಡಿದ್ದೆ, ಅಷ್ಟೇ. ತಳ್ಳಿದ್ದು ನಿನ್ನ ಕಲ್ಲು. "ಬಾ, ಮುಚ್ಚು," ಎಂದೆ.

ಮೊದಲು ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಬಗ್ಗಿ, ಅರ್ಧದಲ್ಲಿ ಟಕ್ ಎಂದಿತು. ನಿಂತಿತು. ಇನ್ನಷ್ಟು ಒತ್ತಿದೆ. ಟಪ್ ಎಂದು ಕೂತುಬಿಟ್ಟಿತು, ದಪ್ಪ ದನಿ, ಹಳೇ ಬಾಗಿಲಿನ ಅಗುಳಿ ಬಿದ್ದ ಹಾಗೆ.

ಎರಡು ಸಲ ಮಾತಾಡಿತು. ಆದರೆ ಅದು ಆ ದನಿಯೇ ಎಂದು ಹೇಳಲು ನನಗೇನು ಗೊತ್ತು? ಗೊತ್ತಿದ್ದವಳು ಮಣ್ಣಿನಡಿ ಇದ್ದಳು. ಏನು ಮಾಡಿದೆನಪ್ಪಾ, ನೀನು ತೆರೆದಿಟ್ಟು ಹೋಗಿದ್ದ ಒಂದನ್ನೂ ಮುಗಿಸಿಬಿಟ್ಟೆನಲ್ಲ ಎಂದು ಅಲ್ಲೇ ಕುಸಿದು ಕೂತೆ.

ಹಿಂದೆ ಏನೋ ಬಿದ್ದ ಸದ್ದಾಯಿತು. ವೆಲ್ಡಾ ನನ್ನನ್ನು ಊಟಕ್ಕೆ ಕರೆಯಲು ತಟ್ಟೆ ಹಿಡಿದು ಬಂದಿದ್ದಳು. ತಟ್ಟೆ ಹುಲ್ಲಿನ ಮೇಲಿತ್ತು, ಆಲೂಗೆಡ್ಡೆ ಅವಳ ಬೂಟಿನ ಮೇಲೆ. ಅವಳಿಗೆ ನನ್ನ ಬೆನ್ನು ಕಾಣುತ್ತಿತ್ತೇ ಹೊರತು ಚಾಕು ಕಾಣುತ್ತಿರಲಿಲ್ಲ. ನಾನು ಏನು ತಂದಿದ್ದೇನೆಂದು ಅವಳಿಗೆ ಹೇಳಿಯೂ ಇರಲಿಲ್ಲ.

"ಮನೆಗೆ ಹೋಗೋ ಹೊತ್ತು," ಎಂದಳು. ಅವಳ ದನಿಯೇ ಅಲ್ಲ ಅದು.

"ಇನ್ನೂ ಊಟವೇ ಆಗಿಲ್ವಲ್ಲ ವೆಲ್ಡಾ?"

"ಅಲ್ಲ ಭಾವ. ಅಪ್ಪ." ಬೂಟಿನ ಮೇಲಿನದನ್ನು ಒರೆಸಿಕೊಳ್ಳದೆ ಒಂದು ಹೆಜ್ಜೆ ಮುಂದೆ ಬಂದಳು. "ಅಂಗಡಿ ದೀಪ ಆರಿಸಿದ ಮೇಲೆ ಅಪ್ಪ ಚಾಕು ಮುಚ್ತಿದ್ರು. ಈ ಸದ್ದೇ. ಇದು ಕೇಳಿದ ಕೂಡ್ಲೇ ನಾನು ಮೂಟೆ ಮೇಲೆ ಮಲಗಿದ್ದಲ್ಲೇ ಕೈ ಮೇಲೆತ್ತಿದ್ರೆ ಎತ್ಕೋತಿದ್ರು. ಮನೆಗೆ ಹೋಗೋ ಹೊತ್ತು ಅಂತಿದ್ರು. ಎಲ್ಲಿತ್ತು ಇದು ನನ್ನೊಳಗೆ? ಎಲ್ಲಿತ್ತು ಭಾವ ಇಷ್ಟು ವರ್ಷ?"

ನಾನು ಅಂಗೈ ಬಿಚ್ಚಿ ತೋರಿಸಿದೆ. ಅವಳು ನನ್ನ ಪಕ್ಕದಲ್ಲೇ, ಭಾನುವಾರದ ಬಟ್ಟೆಯಲ್ಲೇ ನೆಲಕ್ಕೆ ಕೂತಳು. ಇಬ್ಬರೂ ಅತ್ತೆವು. ನಮ್ಮನ್ನು ಎಬ್ಬಿಸಲು ಬರ್ಲ್ ಮತ್ತು ಪಾದ್ರಿ ಇಬ್ಬರೂ ಬರಬೇಕಾಯಿತು.

ಮೇ 25

ಚಾಕನ್ನು ವೆಲ್ಡಾಗೆ ಕೊಟ್ಟೆ. ನನ್ನ ಹತ್ತಿರ ಉಳಿದ ತಟ್ಟೆಗಳಿವೆ, ಬರ್ಲ್‌ಗೆ ಮಾರುವುದಿಲ್ಲ ಎಂದು ಹೇಳಿ ಕಳಿಸಿದೆ. ನಾನು ಮುಖ ತೊಳೆದು ಕೆಡಿಸಿದವುಗಳನ್ನೂ ಅವುಗಳ ಜಾಗದಲ್ಲೇ ಇಟ್ಟೆ.

ಮೇಜಿನ ಮೇಲಿನ ಪತ್ರಿಕೆ ತೆಗೆದೆ. ಎಣ್ಣೆ ಕೆಳಗಿನ ಮರಕ್ಕೆ ಇಳಿದು ಚಾಕಿನ ಆಕಾರದ ಕಲೆ ಉಳಿದಿದೆ, ತೆರೆದ ಚಾಕು. ಉಜ್ಜಲು ಕೈ ಹೋಯಿತು, ಬಿಟ್ಟೆ. ಅದರೆದುರು ಕೂತು ಊಟ ಮಾಡಿದೆ.

ಅದು ನಿಮ್ಮಪ್ಪನದೇ ಕಣೇ. ನೀನು ಹೇಳಿದ ಹಾಗೇ ಎರಡು ಸಲ ಮಾತಾಡಿತು. ನಾನು ಕೇಳಿದೆ, ವೆಲ್ಡಾ ಕೇಳಿದಳು, ಕೇಳಬೇಕಾದವಳು ನೀನೊಬ್ಬಳೇ ಕೇಳಲಿಲ್ಲ.

ಬಿಸಿಲು. ರಸ್ತೆ ಒಣಗಿದೆ. ಎಲ್ಲಿಗೂ ಹೋಗಲಿಲ್ಲ.